ಮುಂಬೈ ಫ್ಲ್ಯಾಟು ಯಾರಿಗೆ: ವಿಲ್ಲಾ, ಗಿಫ್ಟ್ ಡೀಡಾ, ಹಕ್ಕುಬಿಡುಗಡೆಯಾ?

"ಸೊಸೈಟಿಯಲ್ಲಿ ನಾಮಿನಿ ಹೆಸರು ಕೊಟ್ಟಾಗಿದೆ, ಇನ್ನೇನು ಬೇಕು?"

ಊರಿನವರು ಯಾರೇ ಸಿಗಲಿ, ಈ ಮಾತು ಬಂದೇ ಬರುತ್ತದೆ. ಅದರ ಬೆನ್ನಿಗೇ ಇನ್ನೊಂದು: "ಗಿಫ್ಟ್ ಡೀಡು ಇನ್ನೂರು ರೂಪಾಯಿಗೆ ಆಗುತ್ತದಂತಲ್ಲ, ಈಗಲೇ ಮಗನ ಹೆಸರಿಗೆ ಮಾಡಿಬಿಡಲಾ?" ಮೊದಲನೆಯದಕ್ಕೆ ನನ್ನ ಉತ್ತರ, ನಾಮಿನಿ ಸಾಲದು. ಎರಡನೆಯದಕ್ಕೆ, ಸ್ವಲ್ಪ ತಡೆಯಿರಿ.

ನಾನು ವಕೀಲನಲ್ಲ. ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ನಮ್ಮ ಸೊಸೈಟಿಯ (ಫ್ಲ್ಯಾಟಿನವರ ಸಹಕಾರಿ ಸಂಘ) ಸೆಕ್ರೆಟರಿಯಾಗಿ ಈ ಕಾಗದಗಳನ್ನು ತಿರುವಿ ಹಾಕಿದವನು, ಅಷ್ಟೇ. ಕರಡು ಬರೆಸಲು ವಕೀಲರು ಬೇಕೇ ಬೇಕು. ಆದರೆ ಯಾವ ಕಾಗದ ಬೇಕು ಅನ್ನುವುದನ್ನು ಮನೆಯಲ್ಲೇ ಯೋಚಿಸಿ ಹೋದರೆ ದುಡ್ಡೂ ಉಳಿಯುತ್ತದೆ, ಜಗಳವೂ ತಪ್ಪುತ್ತದೆ.

ಮೊದಲು ಹೆಸರುಗಳನ್ನು ತಿಳಿದುಕೊಳ್ಳಿ, ಯಾಕೆಂದರೆ ಇಲ್ಲಿನ ಆಫೀಸುಗಳಲ್ಲಿ ಎಲ್ಲವೂ ಮರಾಠಿಯಲ್ಲಿ. ನಾವು ವಿಲ್ ಅಥವಾ ಉಯಿಲು ಅನ್ನುವುದು ಇಲ್ಲಿ 'ಮೃತ್ಯುಪತ್ರ'. ದಾನಪತ್ರ, ಅಂದರೆ ಗಿಫ್ಟ್ ಡೀಡು, 'ಬಕ್ಷೀಸ್‌ಪತ್ರ'. ಹಕ್ಕುಬಿಡುಗಡೆ ಪತ್ರ, ಅಂದರೆ ರಿಲೀಸ್ ಡೀಡು, 'ಹಕ್ಕಸೋಡ್‌ಪತ್ರ'. ಪಾಲುಪಟ್ಟಿಗೆ 'ವಾಟಣಿಪತ್ರ'. ಏಜೆಂಟ್ ಒಬ್ಬ "ಹಕ್ಕಸೋಡ್ ಮಾಡಿಬಿಡೋಣ" ಅಂದಾಗ ಅವನು ಯಾವುದರ ಮಾತಾಡುತ್ತಿದ್ದಾನೆ ಎಂದು ನಿಮಗೆ ಗೊತ್ತಿರಬೇಕು.

ಇನ್ನೊಂದು ಮಾತು. ಇಲ್ಲಿ ಬರೆದಿರುವುದು ಹೆಚ್ಚಾಗಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಒಳಪಟ್ಟವರಿಗೆ. ಮುಸ್ಲಿಮರು ಸಾಮಾನ್ಯವಾಗಿ ಆಸ್ತಿಯ ಮೂರನೇ ಒಂದು ಭಾಗವನ್ನು ಮಾತ್ರ ವಿಲ್‌ನಲ್ಲಿ ಬರೆಯಬಹುದು. ಗೋವಾದವರೇ ಆಗಿಬಿಟ್ಟಿರುವ ಕನ್ನಡಿಗರಿಗೆ ಅಲ್ಲಿನ ಕಾನೂನೇ ಬೇರೆ. ಮಕ್ಕಳಿದ್ದರೆ ಅರ್ಧ ಆಸ್ತಿ ಅವರಿಗೇ ಮೀಸಲು, ಅದನ್ನು ವಿಲ್ ಬರೆದು ತಪ್ಪಿಸಲಾಗದು. ಈ ಎರಡೂ ಗುಂಪಿನವರು ಬೇರೆಯಾಗಿಯೇ ಸಲಹೆ ಪಡೆಯಿರಿ.

1. ಟ್ರಂಕು ತೆಗೆದು ನೋಡಿ: ನಿಮ್ಮ ಹೆಸರಲ್ಲಿ ಇರುವುದಾದರೂ ಏನು?

ಮೂರು ಕಾಗದ ಬೇಕು. ಫ್ಲ್ಯಾಟ್ ಕೊಂಡಾಗಿನ ರಿಜಿಸ್ಟರ್ ಆದ ಅಗ್ರಿಮೆಂಟು, ಅದರ ಇಂಡೆಕ್ಸ್ ಟು (ಯಾರಿಂದ ಯಾರಿಗೆ, ಯಾವ ಮನೆ, ಎಷ್ಟು ಬೆಲೆ ಎಂದು ರಿಜಿಸ್ಟ್ರಾರ್ ಕೊಡುವ ಸಾರಾಂಶ), ಮತ್ತು ಸೊಸೈಟಿಯ ಶೇರ್ ಸರ್ಟಿಫಿಕೇಟು (ನೀವು ಸದಸ್ಯರು ಎಂದು ಸೊಸೈಟಿ ಕೊಡುವ ಪತ್ರ). ಮೂರನ್ನೂ ಪಕ್ಕಪಕ್ಕ ಇಟ್ಟು ಹೆಸರು ಓದಿ.

ನಮ್ಮವರು ಎಡವುವುದು ಇಲ್ಲೇ. ಊರಿನಿಂದ ಬರುವಾಗ ನಮ್ಮ ಹೆಸರು 'ಕೆ. ಸದಾನಂದ'. ಇಲ್ಲಿನ ರೂಢಿಯಲ್ಲಿ ಸ್ವಂತ ಹೆಸರು, ಅಪ್ಪನ ಹೆಸರು, ಅಡ್ಡಹೆಸರು. ಹಾಗಾಗಿ ಅಗ್ರಿಮೆಂಟಿನಲ್ಲಿ ಒಂದು, ಪ್ಯಾನ್ ಕಾರ್ಡಿನಲ್ಲಿ ಇನ್ನೊಂದು, ಆಧಾರ್‌ನಲ್ಲಿ ಮತ್ತೊಂದು. ನೀವಿರುವಾಗ ಇದು ಒಂದು ಅಫಿಡವಿಟ್ಟಿನ ಕೆಲಸ. ನೀವಿಲ್ಲದಾಗ ಮಕ್ಕಳು ಆ ಮೂವರೂ ಒಬ್ಬರೇ ಎಂದು ಸಾಬೀತು ಮಾಡುತ್ತಾ ಅಲೆಯಬೇಕು. ವಿಲ್ ಬರೆಯಲಿ, ದಾನಪತ್ರ ಬರೆಯಲಿ, "ಇವರೇ ಅವರು" ಎಂದು ಎಲ್ಲಾ ರೂಪದ ಹೆಸರನ್ನೂ ಅದರಲ್ಲಿ ನಮೂದಿಸಿ.

ಜಂಟಿ ಹೆಸರಿದ್ದರೆ ಒಂದು ತಪ್ಪು ಕಲ್ಪನೆ ಬಿಡಿ. ಗಂಡ ಹೆಂಡತಿ ಇಬ್ಬರ ಹೆಸರಿದೆ, ಒಬ್ಬರು ಹೋದರೆ ಪೂರ್ತಿ ಇನ್ನೊಬ್ಬರಿಗೆ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಹಾಗೇನಿಲ್ಲ. ಹೋದವರ ಪಾಲು ಅವರ ವಾರಸುದಾರರಿಗೆ ಹೋಗುತ್ತದೆ. ನೀವು ದಾನ ಮಾಡುವುದಿದ್ದರೂ ವಿಲ್ ಬರೆಯುವುದಿದ್ದರೂ ನಿಮ್ಮ ಪಾಲು ಮಾತ್ರ ನಿಮ್ಮದು.

ಹಳೆ ಮುಂಬೈಯ ಪಗಡಿ ಮನೆಯಾದರೆ (ಮೊದಲೇ ದೊಡ್ಡ ಮೊತ್ತ ಕೊಟ್ಟು, ಆಮೇಲೆ ಸಣ್ಣ ಬಾಡಿಗೆ ಕಟ್ಟುತ್ತಾ ಇರುವ ಮನೆ) ನೀವು ಮಾಲೀಕರಲ್ಲ, ಬಾಡಿಗೆದಾರರು. ಬಾಡಿಗೆ ಹಕ್ಕನ್ನು ವಿಲ್ ಬರೆದು ಇಷ್ಟ ಬಂದವರಿಗೆ ಕೊಡಲಾಗದು. ಬಾಡಿಗೆದಾರ ತೀರಿಕೊಂಡಾಗ ಜತೆಯಲ್ಲಿ ವಾಸವಿದ್ದ ಕುಟುಂಬದವರಿಗೆ ಅದು ಹೋಗುತ್ತದೆ. ಹಾಗಾಗಿ ಯಾರಿಗೆ ಹೋಗಬೇಕೋ ಅವರು ಅಲ್ಲೇ ಇರುವುದೂ, ಅವರ ರೇಷನ್ ಕಾರ್ಡು, ಆಧಾರ್‌ಗಳಲ್ಲಿ ಆ ವಿಳಾಸ ಇರುವುದೂ ಮುಖ್ಯ.

ಮ್ಹಾಡಾ (ಮಹಾರಾಷ್ಟ್ರ ಸರ್ಕಾರದ ವಸತಿ ಸಂಸ್ಥೆ) ಮನೆಗೆ ಬೇರೆ ನಿಯಮವಿದೆ, ಮೊದಲು ಅಲ್ಲಿ ಕೇಳಿ. ಸಾಲ ಬಾಕಿಯಿದ್ದರೆ ಬ್ಯಾಂಕಿನ ಒಪ್ಪಿಗೆ ಪತ್ರ ಬೇಕು. ಪವರ್ ಆಫ್ ಅಟಾರ್ನಿ (ಒಬ್ಬರ ಪರವಾಗಿ ಸಹಿ ಹಾಕಲು ಕೊಡುವ ಅಧಿಕಾರಪತ್ರ) ಮೇಲೆ ಕೊಂಡ ಮನೆಯಾದರೆ ಇನ್ನೂ ಹುಷಾರು: ಅದರಿಂದ ಮಾಲೀಕತ್ವ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011 ರಲ್ಲೇ ಹೇಳಿಯಾಗಿದೆ.

2. ಏನೂ ಬರೆಯದೆ ಹೋದರೆ ಯಾರಿಗೆ ಹೋಗುತ್ತದೆ?

ಇದನ್ನು ತಿಳಿಯದೆ ಕಾಗದ ಆರಿಸಬೇಡಿ. ಏನೂ ಬರೆಯದಿದ್ದರೂ ನಿಮಗೆ ಬೇಕಾದವರಿಗೇ ಹೋಗುತ್ತದೆ ಅಂತಾದರೆ ಗಡಿಬಿಡಿ ಇಲ್ಲ.

ಗಂಡಸು ವಿಲ್ ಇಲ್ಲದೆ ತೀರಿಕೊಂಡರೆ ಅವರ ಸ್ವಂತ ಗಳಿಕೆಯ ಆಸ್ತಿ ಹೆಂಡತಿ, ಗಂಡು ಮಕ್ಕಳು, ಹೆಣ್ಣು ಮಕ್ಕಳು, ತಾಯಿ, ಎಲ್ಲರಿಗೂ ಸಮ ಪಾಲು. ತಾಯಿಯನ್ನು ಎಲ್ಲರೂ ಮರೆಯುತ್ತಾರೆ. ಮಗಳ ಮದುವೆಗೆ ಎಷ್ಟು ಖರ್ಚು ಮಾಡಿದ್ದೀರಿ ಅನ್ನುವ ಲೆಕ್ಕ ಕಾನೂನಿಗಿಲ್ಲ.

ಹೆಂಗಸರ ವಿಷಯ ಬೇರೆ. ಮಕ್ಕಳಿಲ್ಲದ ವಿಧವೆಯೊಬ್ಬರು ತಮ್ಮ ಸಂಬಳದಲ್ಲಿ ಕೊಂಡ ಫ್ಲ್ಯಾಟು, ವಿಲ್ ಇಲ್ಲದಿದ್ದರೆ, ಗಂಡನ ಕಡೆಯ ವಾರಸುದಾರರಿಗೆ ಹೋಗುತ್ತದೆ, ಕೊನೆಗಾಲದಲ್ಲಿ ನೋಡಿಕೊಂಡ ತಂಗಿಗಲ್ಲ. ಕೆಲಸ ಮಾಡಿ ಮನೆ ಮಾಡಿಕೊಂಡ ಹೆಂಗಸರು ಇದನ್ನು ಎರಡು ಸಲ ಓದಿ.

ಇನ್ನು ನಾಮಿನಿ. ಮಹಾರಾಷ್ಟ್ರದ ಸಹಕಾರಿ ಸಂಘಗಳ ಕಾಯ್ದೆಗೆ 2019 ರಲ್ಲಿ ಸೇರಿಸಿದ ಕಲಮಿನ ಪ್ರಕಾರ ಸದಸ್ಯರು ತೀರಿಕೊಂಡ ಮೇಲೆ ನಾಮಿನಿಯನ್ನು ಸೊಸೈಟಿ ತಾತ್ಕಾಲಿಕ ಸದಸ್ಯ ಮಾಡಿಕೊಳ್ಳುತ್ತದೆ. ನಿಜವಾದ ವಾರಸುದಾರರು ವಿಲ್ ಅಥವಾ ಕೋರ್ಟ್ ಕಾಗದ ತರುವ ತನಕ ಮನೆ ಕಾಯುವ ಕೆಲಸ ಅದು. ಮೇಂಟೆನೆನ್ಸ್ ಬಿಲ್ಲು ಯಾರ ಹೆಸರಿಗೆ ಬರುತ್ತದೋ ಅವರು ಮಾಲೀಕರು ಅಂತಲ್ಲ. ಹಾಗಂತ ನಾಮಿನಿ ಫಾರಂ ತುಂಬದೆ ಇರಬೇಡಿ. ವಿಲ್‌ನಲ್ಲಿ ಯಾರ ಹೆಸರಿದೆಯೋ ನಾಮಿನಿಯಾಗಿಯೂ ಅವರನ್ನೇ ಕೊಡಿ, ಅರ್ಧ ತಂಟೆ ಅಲ್ಲೇ ಮುಗಿಯುತ್ತದೆ.

3. ಒಂದು ಪ್ರಶ್ನೆ ಕೇಳಿಕೊಳ್ಳಿ

ಹಕ್ಕು ಯಾವಾಗ ದಾಟಬೇಕು? ನಾನಿರುವಾಗಲೋ, ಹೋದ ಮೇಲೋ?

ಹೋದ ಮೇಲೆ ಅಂತಾದರೆ ವಿಲ್. ಇರುವಾಗಲೇ ಅಂತಾದರೆ ಗಿಫ್ಟ್ ಡೀಡು. ಮಾಲೀಕರು ಈಗಾಗಲೇ ಹೋಗಿಬಿಟ್ಟಿದ್ದಾರೆ, ಹಕ್ಕು ನಾಲ್ಕಾರು ಜನರಲ್ಲಿ ಹಂಚಿಹೋಗಿದೆ, ಒಬ್ಬರಿಗೆ ಸೇರಿಸಬೇಕು ಅಂತಾದರೆ ಹಕ್ಕುಬಿಡುಗಡೆ. ಬಹಳ ಜನಕ್ಕೆ ಇಷ್ಟು ಸಾಕು. ಟ್ರಸ್ಟು ಗಿಸ್ಟು ಅಂತ ಯಾರಾದರೂ ಹೇಳಿದರೆ, ನೋಡಿಕೊಳ್ಳಲು ಆಗದ ಮಗುವೋ ವಿಪರೀತ ಆಸ್ತಿಯೋ ಇಲ್ಲದಿದ್ದರೆ ಅದರ ಗೋಜು ಬೇಡ.

ನನ್ನ ಅಭಿಪ್ರಾಯ ಕೇಳಿದರೆ: ನೀವು ವಾಸ ಇರುವ ಮನೆಯನ್ನು ದಾನ ಕೊಡಬೇಡಿ. ವಿಲ್ ಬರೆಯಿರಿ. ಎರಡನೇ ಮನೆ ಇದ್ದರೆ ಆಮೇಲೆ ಯೋಚನೆ ಮಾಡಬಹುದು.

4. ವಿಲ್ ಬರೆಯುವುದಾದರೆ

ಸ್ಟ್ಯಾಂಪ್ ಡ್ಯೂಟಿ ಇಲ್ಲ. ಬಿಳಿ ಕಾಗದ ಸಾಕು, ಕನ್ನಡದಲ್ಲೂ ಬರೆಯಬಹುದು (ಇಲ್ಲಿನ ಆಫೀಸಿಗೆ ಆಮೇಲೆ ಅನುವಾದ ಬೇಕಾಗುತ್ತದೆ, ಅದಕ್ಕೆ ಇಂಗ್ಲಿಷ್ ಅಥವಾ ಮರಾಠಿ ಅನುಕೂಲ). ಇಬ್ಬರು ಸಾಕ್ಷಿಗಳ ಎದುರು ನೀವು ಸಹಿ ಹಾಕಬೇಕು, ನಿಮ್ಮ ಎದುರು ಅವರು ಸಹಿ ಹಾಕಬೇಕು. ಒಳಗೇನಿದೆ ಎಂದು ಅವರು ಓದಬೇಕಾಗಿಲ್ಲ. ನಿಮಗಿಂತ ಚಿಕ್ಕ ವಯಸ್ಸಿನವರನ್ನು ಆರಿಸಿ, ನಿಮ್ಮ ವಯಸ್ಸಿನ ಗೆಳೆಯನನ್ನಲ್ಲ. ಆಸ್ತಿ ಸಿಗುವವರು ಸಾಕ್ಷಿ ಹಾಕುವುದು ಬೇಡ.

ರಿಜಿಸ್ಟ್ರೇಷನ್ ಕಡ್ಡಾಯ ಅಲ್ಲ. ಆದರೂ ಮಾಡಿಸಿ. ಖರ್ಚು ತೀರಾ ಕಡಿಮೆ, "ಅಪ್ಪ ಇದನ್ನು ಬರೆದೇ ಇಲ್ಲ" ಅನ್ನುವ ಮಾತಿಗೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ನೋಟರಿ ಮುದ್ರೆ ಸಾಕ್ಷಿಗಳ ಬದಲಿಗೆ ಆಗುವುದಿಲ್ಲ. ವಯಸ್ಸು ಜಾಸ್ತಿ ಇದ್ದರೆ ಅದೇ ದಿನದ ಡಾಕ್ಟರ್ ಸರ್ಟಿಫಿಕೇಟು ಸೇರಿಸಿ: ಬುದ್ಧಿ ಸ್ವಾಧೀನದಲ್ಲಿದೆ ಎಂದು ಒಂದೆರಡು ಸಾಲು.

ಮುಂಬೈಯವರು ಮರೆಯಬಾರದ ಒಂದು ಸಾಲಿದೆ. ನಿಮ್ಮ ವಿಲ್‌ನಲ್ಲಿ "ಎರಡನೇ ಮಹಡಿಯ ಫ್ಲ್ಯಾಟ್ ನಂಬರ್ 12" ಎಂದು ಇದೆ. ನಾಳೆ ಬಿಲ್ಡಿಂಗು, ಕೆಡವಿ ಹೊಸದಾಗಿ ಕಟ್ಟುವ ರಿಡೆವಲಪ್‌ಮೆಂಟಿಗೆ ಹೋಯಿತು. ಆ 12 ನೇ ನಂಬರಿನ ಮನೆಯೇ ಇಲ್ಲ, ನಿಮಗೆ ಬಂದದ್ದು ಹೊಸ ಟವರಿನ 904. ಆಗ ವಿಲ್‌ನಲ್ಲಿ ಬರೆದ ವಸ್ತುವೇ ಇಲ್ಲ ಅನ್ನುವ ವಾದ ಏಳುತ್ತದೆ. ಅದಕ್ಕೆ ಹೀಗೆ ಬರೆಸಿ: ಈ ಮನೆ, ಅಥವಾ ರಿಡೆವಲಪ್‌ಮೆಂಟಿನಲ್ಲಿ ಇದರ ಬದಲಿಗೆ ಬರುವ ಮನೆ, ಅದರ ಜತೆಗೆ ಬರುವ ಬಾಡಿಗೆ ಹಣ, ಕಾರ್ಪಸ್ ಹಣ (ಬಿಲ್ಡರ್ ಕೊಡುವ ಇಡಿಗಂಟು), ಪಾರ್ಕಿಂಗ್, ಸೊಸೈಟಿಯ ಶೇರು, ಎಲ್ಲವೂ ಇಂಥವರಿಗೆ. ಕೊನೆಗೆ "ಇಲ್ಲಿ ಹೆಸರಿಸದೆ ಉಳಿದದ್ದೆಲ್ಲ ಇಂಥವರಿಗೆ" ಎಂಬ ಸಾಲೂ ಇರಲಿ. ವಿಲ್ ಜಾರಿ ಮಾಡುವವರ ಹೆಸರು, ಅಂದರೆ ಎಕ್ಸಿಕ್ಯೂಟರ್, ಬರೆಯಿರಿ.

ಹೆಂಡತಿಗೆ ಕೊನೆತನಕ ವಾಸದ ಹಕ್ಕು, ಆಮೇಲೆ ಮಕ್ಕಳಿಗೆ ಅಂತಲೂ ಬರೆಯಬಹುದು. ಆದರೆ ಹೆಂಡತಿಗೆ "ಪೂರ್ತಿ ಕೊಟ್ಟಿದ್ದೇನೆ" ಎಂದು ಒಂದು ಕಡೆ, "ಅವಳ ನಂತರ ಮಗನಿಗೆ" ಎಂದು ಇನ್ನೊಂದು ಕಡೆ ಬರೆದರೆ ವಕೀಲರಿಗೆ ಹಬ್ಬ.

ಪ್ರೊಬೇಟ್ ಬಗ್ಗೆ ಎಲ್ಲರೂ ಕೇಳುತ್ತಾರೆ. ವಿಲ್ ನಿಜವಾದದ್ದು ಎಂದು ಕೋರ್ಟು ಮುದ್ರೆ ಒತ್ತುವುದಕ್ಕೆ ಪ್ರೊಬೇಟ್ ಅಂತಾರೆ. ಬ್ರಿಟಿಷರ ಕಾಲದ ನಿಯಮವೊಂದರಿಂದ ಮುಂಬೈ ನಗರದ ಆಸ್ತಿಗೆ ಇದು ಕಡ್ಡಾಯವಾಗಿತ್ತು, ಠಾಣೆ, ಡೊಂಬಿವಲಿ, ಪುಣೆಯವರಿಗೆ ಇರಲಿಲ್ಲ. 1925 ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಆ 213 ನೇ ಕಲಮನ್ನು ಸಂಸತ್ತು 2025 ರ ಡಿಸೆಂಬರಿನಲ್ಲಿ ತೆಗೆದುಹಾಕಿತು. ಈಗ ಕಡ್ಡಾಯ ಅಲ್ಲ. ಆದರೆ ಮಕ್ಕಳಲ್ಲಿ ತಕರಾರು ಇದ್ದರೆ ಪ್ರೊಬೇಟ್ ಪಡೆಯುವುದೇ ಒಳ್ಳೆಯದು. ಹಳೆ ಅಭ್ಯಾಸಕ್ಕೆ ಬಿದ್ದ ಸೊಸೈಟಿ ಕಮಿಟಿ "ಪ್ರೊಬೇಟ್ ತನ್ನಿ" ಅಂದರೆ ಈ ಬದಲಾವಣೆ ತೋರಿಸಿ ಬರವಣಿಗೆಯಲ್ಲಿ ಉತ್ತರ ಕೇಳಿ.

5. ಗಿಫ್ಟ್ ಡೀಡ್: ಇನ್ನೂರು ರೂಪಾಯಿ ಯಾರಿಗೆ, ಯಾವುದಕ್ಕೆ?

ಇಲ್ಲಿ ಅರ್ಧಂಬರ್ಧ ಮಾಹಿತಿ ಜಾಸ್ತಿ, ಅದಕ್ಕೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮಹಾರಾಷ್ಟ್ರದಲ್ಲಿ ಗಂಡ, ಹೆಂಡತಿ, ಮಗ, ಮಗಳು, ಮೊಮ್ಮಗ, ಮೊಮ್ಮಗಳು, ತೀರಿಹೋದ ಮಗನ ಹೆಂಡತಿ, ಇಷ್ಟು ಜನಕ್ಕೆ ಕೊಟ್ಟರೆ ಮಾತ್ರ ಸ್ಟ್ಯಾಂಪ್ ಡ್ಯೂಟಿ 200 ರೂಪಾಯಿ. ಅದೂ ವಾಸದ ಮನೆ ಅಥವಾ ಕೃಷಿ ಜಮೀನಿಗೆ ಮಾತ್ರ. ರಿಜಿಸ್ಟ್ರೇಷನ್ ಶುಲ್ಕ, ಸ್ಥಳೀಯ ಸರ್‌ಚಾರ್ಜ್, ಪುಟಕ್ಕಿಷ್ಟು ಅಂತ ಹಿಡಿಯುವ ಹ್ಯಾಂಡ್ಲಿಂಗ್ ಖರ್ಚು ಬೇರೆ. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಮೊದಲೇ ಒಟ್ಟು ಲೆಕ್ಕ ಹಾಕಿಸಿ.

ಅಣ್ಣ, ತಮ್ಮ, ಅಕ್ಕ, ತಂಗಿ, ಅಪ್ಪ, ಅಮ್ಮ ಇವರಿಗೆ ಕೊಟ್ಟರೆ 3 ಶೇಕಡಾ. ಮಗನಿಗೇ ಕೊಟ್ಟರೂ ಅದು ಹೋಟೆಲಿನ ಜಾಗವೋ, ಅಂಗಡಿಯೋ, ಗಾಳಾವೋ (ಸಣ್ಣ ಕಾರ್ಖಾನೆ, ಗೋದಾಮಿನ ಜಾಗ) ಆಗಿದ್ದರೆ ಇನ್ನೂರರ ರಿಯಾಯಿತಿ ಇಲ್ಲ, ಅದೇ 3 ಶೇಕಡಾ. ಹೋಟೆಲ್ ನಡೆಸುವ ನಮ್ಮವರು ಇದನ್ನು ಕೇಳಿ ಮುಖ ಸಣ್ಣ ಮಾಡುತ್ತಾರೆ.

ಇನ್ನು ತಂಗಿಯ ಮಗ. ನಮ್ಮ ಕರಾವಳಿಯವರಿಗೆ ಅಳಿಯನೆಂದರೆ ಮಗನಿಗಿಂತ ಹೆಚ್ಚು, ಸ್ಟ್ಯಾಂಪ್ ಕಾಯ್ದೆಗೆ ಮಾತ್ರ ಅವನು ಪರಕೀಯ. ಮಗಳ ಗಂಡನೂ ಹಾಗೆಯೇ, ಮಗನಿರುವಾಗ ಸೊಸೆಯೂ ಹಾಗೆಯೇ. ಮಾರಾಟಕ್ಕೆ ಕಟ್ಟುವ ಪೂರ್ತಿ ಡ್ಯೂಟಿ ಕಟ್ಟಬೇಕು. ಅವರಿಗೆ ಕೊಡುವ ಮನಸ್ಸಿದ್ದರೆ ವಿಲ್ಲೇ ಸರಿ, ಅದಕ್ಕೆ ಸ್ಟ್ಯಾಂಪ್ ಡ್ಯೂಟಿಯೇ ಇಲ್ಲವಲ್ಲ.

ಶೇಕಡಾ ಲೆಕ್ಕ ಯಾವುದರ ಮೇಲೆ? ನೀವು ಬರೆದ ಬೆಲೆಯ ಮೇಲಲ್ಲ, ಸರ್ಕಾರದ ಮಾರುಕಟ್ಟೆ ಬೆಲೆಯ ಮೇಲೆ. ಅದರ ಪಟ್ಟಿಗೆ ಇಲ್ಲಿ ರೆಡಿ ರೆಕನರ್ ಅನ್ನುತ್ತಾರೆ.

ದಾನಪತ್ರ ರಿಜಿಸ್ಟರ್ ಆಗಲೇಬೇಕು. ಪಡೆಯುವವರು ನೀವಿರುವಾಗಲೇ ಒಪ್ಪಿಕೊಳ್ಳಬೇಕು. ಅದಕ್ಕೆ ಒಂದು ಸಾಲು, ಅವರ ಸಹಿ ಬೇಕು. ಆಮೇಲೆ ವಾಪಸ್ ಕೇಳಲಾಗದು. ಸೊಸೆ ಸರಿ ಇಲ್ಲ, ಮಗ ಫೋನ್ ಮಾಡುವುದಿಲ್ಲ, ಇದೆಲ್ಲ ಕಾರಣವಲ್ಲ.

ಆದರೂ ಒಂದು ಬಾಗಿಲಿದೆ. 2007 ರ ಹಿರಿಯ ನಾಗರಿಕರ ಕಾಯ್ದೆಯ 23 ನೇ ಕಲಮು. ನಮ್ಮನ್ನು ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ 60 ದಾಟಿದವರು ಆಸ್ತಿ ಕೊಟ್ಟಿದ್ದು, ಪಡೆದವರು ನೋಡಿಕೊಳ್ಳದಿದ್ದರೆ, ಟ್ರಿಬ್ಯೂನಲ್ ಆ ದಾನವನ್ನು ರದ್ದು ಮಾಡಬಹುದು. ಷರತ್ತು ಇರಲೇಬೇಕು ಎಂದು ಸುಪ್ರೀಂ ಕೋರ್ಟ್ 2022 ರಲ್ಲಿ ಹೇಳಿತು. 2025 ರ ಜನವರಿಯಲ್ಲಿ ಬಂದ ಇನ್ನೊಂದು ತೀರ್ಪು ಹಿರಿಯರ ಪರವಾಗಿ ಸ್ವಲ್ಪ ಉದಾರವಾಗಿತ್ತು. ಆ ಉದಾರತೆಯನ್ನು ನಂಬಿ ಕೂರಬೇಡಿ, ಷರತ್ತನ್ನು ದಾನಪತ್ರದ ಒಳಗೇ ಬರೆಸಿ. "ಪ್ರೀತಿ ವಿಶ್ವಾಸದಿಂದ ಕೊಟ್ಟಿದ್ದೇನೆ" ಎಂಬ ಸಿದ್ಧ ನಮೂನೆಯ ಸಾಲು ಎಲ್ಲಾ ಟೈಪಿಸ್ಟರ ಬಳಿ ಇರುತ್ತದೆ. ಅದೊಂದೇ ಇದ್ದರೆ ಸಾಲದು. ಊಟ, ಔಷಧಿ, ಆರೈಕೆ ಎಂದು ಬಿಡಿಸಿ ಬರೆಸಿ. ನಾವಿಬ್ಬರೂ ಇರುವ ತನಕ ಇಲ್ಲೇ ವಾಸ ಮಾಡುವ ಹಕ್ಕು ನಮ್ಮದು ಎಂದೂ ಬರೆಸಿ, ಹಾಗೆ ಹಕ್ಕು ಉಳಿಸಿಕೊಂಡರೂ ದಾನ ಊರ್ಜಿತ ಎಂದು 2014 ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.

ತೆರಿಗೆಯ ಮಾತು ಚಿಕ್ಕದು. ಹತ್ತಿರದ ಸಂಬಂಧಿಕರಿಂದ ಬಂದ ದಾನಕ್ಕೆ ಆದಾಯ ತೆರಿಗೆ ಇಲ್ಲ. ಹೆಂಡತಿಗೆ ದಾನ ಕೊಟ್ಟ ಮನೆಯ ಬಾಡಿಗೆ ಮಾತ್ರ ಗಂಡನ ಲೆಕ್ಕಕ್ಕೇ ಬರುತ್ತದೆ. ಮುಂದೆ ಮಕ್ಕಳು ಮಾರಿದರೆ ಲಾಭದ ಲೆಕ್ಕ ನೀವು ಕೊಂಡ ಬೆಲೆಯಿಂದ ಶುರು, ಹಾಗಾಗಿ ಹಳೆ ಅಗ್ರಿಮೆಂಟು ಬಿಸಾಡಬೇಡಿ.

6. ಹಕ್ಕುಬಿಡುಗಡೆ: ಇದ್ದ ಹಕ್ಕನ್ನು ಮಾತ್ರ ಬಿಡಬಹುದು

ಅಪ್ಪ ಬದುಕಿದ್ದಾರೆ, ಫ್ಲ್ಯಾಟು ಅವರೊಬ್ಬರ ಹೆಸರಿನಲ್ಲಿದೆ. ಮಗಳ ಕೈಲಿ ಈಗಲೇ "ನನಗೆ ಹಕ್ಕು ಬೇಡ" ಎಂದು ಬರೆಸಿಕೊಂಡು ನಿಶ್ಚಿಂತೆಯಿಂದ ಇರುವ ಮನೆಗಳು ನನಗೆ ಗೊತ್ತು. ಆ ಕಾಗದ ಸುಮ್ನೆ ಕಾಗದ. ಅಪ್ಪ ಇರುವಾಗ ಅವರ ಸ್ವಂತ ಗಳಿಕೆಯಲ್ಲಿ ಮಗಳಿಗೆ ಹಕ್ಕೇ ಇಲ್ಲ, ಇಲ್ಲದ್ದನ್ನು ಬಿಡುವುದು ಹೇಗೆ?

ಮಾಲೀಕರು ತೀರಿಕೊಂಡ ಮೇಲೆ ವಾರಸುದಾರರಲ್ಲಿ ಒಬ್ಬರು ಇನ್ನೊಬ್ಬ ವಾರಸುದಾರರಿಗೆ ತಮ್ಮ ಪಾಲು ಬಿಡುವುದೇ ಹಕ್ಕುಬಿಡುಗಡೆ. ರಿಜಿಸ್ಟರ್ ಆಗಲೇಬೇಕು. ಪಿತ್ರಾರ್ಜಿತವಾಗಿ ಬಂದ ಪಾಲನ್ನು ಹಣ ಪಡೆಯದೆ ಒಡಹುಟ್ಟಿದವರಿಗೋ, ತಾಯಿಗೋ, ಮಕ್ಕಳಿಗೋ ಬಿಟ್ಟರೆ ಕೆಲವೇ ನೂರು ರೂಪಾಯಿ ಸ್ಟ್ಯಾಂಪು. "ಹತ್ತು ಲಕ್ಷ ಕೊಟ್ಟು ಬಿಡಿಸಿಕೊಂಡೆ" ಎಂದು ಬರೆದರೆ ಅದು ಮಾರಾಟದ ಲೆಕ್ಕ. ಯಾರ ಪರವಾಗಿ ಬಿಡುತ್ತಿದ್ದೀರಿ ಎಂದು ಹೆಸರು ಹಾಕಿ, ಇಲ್ಲದಿದ್ದರೆ ಉಳಿದ ಎಲ್ಲರಿಗೂ ಹಂಚಿಹೋಗುತ್ತದೆ. ವಾರಸುದಾರರಲ್ಲಿ ಅಪ್ರಾಪ್ತ ಮಗುವಿದ್ದರೆ ಅದರ ಪಾಲನ್ನು ಕೋರ್ಟಿನ ಅನುಮತಿ ಇಲ್ಲದೆ ಯಾರೂ ಬಿಡುವಂತಿಲ್ಲ.

ಅಣ್ಣ ದುಬೈಯಲ್ಲಿದ್ದರೆ ಅಲ್ಲಿನ ಭಾರತೀಯ ಕಾನ್ಸುಲೇಟಿನಲ್ಲಿ ಪವರ್ ಆಫ್ ಅಟಾರ್ನಿ ಮಾಡಿಸಿ ಕಳಿಸಲಿ. ಅದು ಇಲ್ಲಿಗೆ ಬಂದ 3 ತಿಂಗಳೊಳಗೆ ಸ್ಟ್ಯಾಂಪು ಕಟ್ಟಬೇಕು, ಲಕೋಟೆಯನ್ನು ಬೀರುವಿನಲ್ಲಿಟ್ಟು ಮರೆಯಬೇಡಿ.

ಅಮ್ಮನ ಪಾಲನ್ನು ಬಿಡಿಸಿಕೊಳ್ಳುವ ಮುಂಚೆ ಒಂದು ಮಾತು: ಬಿಡಿಸಿಕೊಳ್ಳಬೇಡಿ. ಕೇಳಿದ ಕಡೆ ಸಹಿ ಹಾಕುವವರು ಅವರೊಬ್ಬರೇ, ಕೊನೆಗೆ ಸೂರಿಲ್ಲದೆ ಉಳಿಯುವವರೂ ಅವರೇ.

7. ಊರಿನ ಆಸ್ತಿ ಇದ್ದರೆ

ಕುಂದಾಪುರದ ತೋಟವನ್ನೋ ಧಾರವಾಡದ ಮನೆಯನ್ನೋ ದಾನ ಕೊಡಲು ಮುಂಬೈಯ ಕಚೇರಿ ಆಗದು, ಕರ್ನಾಟಕದಲ್ಲೇ ರಿಜಿಸ್ಟರ್ ಮಾಡಿಸಬೇಕು, ಅಲ್ಲಿನ ಸ್ಟ್ಯಾಂಪ್ ದರವೇ ಲಾಗು. ವಿಲ್‌ಗೆ ಈ ತಕರಾರಿಲ್ಲ. ಎರಡೂ ಕಡೆಯ ಆಸ್ತಿಯನ್ನು ಒಂದೇ ವಿಲ್‌ನಲ್ಲಿ ಬರೆದು ಇಲ್ಲೇ ರಿಜಿಸ್ಟರ್ ಮಾಡಿಸಬಹುದು. ಪಹಣಿ ತೆಗೆಸಿ ಸರ್ವೆ ನಂಬರು ಸರಿಯಾಗಿ ಬರೆಯಿರಿ. ಅಳಿಯಸಂತಾನ (ಹೆಣ್ಣಿನ ಕಡೆಯಿಂದ ಆಸ್ತಿ ಇಳಿಯುವ) ಕುಟುಂಬದ ಪಾಲಾದ ಆಸ್ತಿಯಾದರೂ 1956 ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ನಿಮ್ಮ ಪಾಲನ್ನು ವಿಲ್‌ನಲ್ಲಿ ಬರೆಯಬಹುದು. ನಿಮ್ಮ ಪಾಲನ್ನು ಮಾತ್ರ, ಇಡೀ ಮನೆತನದ್ದನ್ನಲ್ಲ.

8. ರಿಜಿಸ್ಟ್ರೇಷನ್ ದಿನ

ಡ್ಯೂಟಿಯನ್ನು ಆನ್‌ಲೈನ್ ಚಲನ್‌ನಲ್ಲಿ ಕಟ್ಟಿ, ವಿವರಗಳನ್ನು ನೋಂದಣಿ ಇಲಾಖೆಯ ವೆಬ್‌ಸೈಟಿನಲ್ಲಿ ಮೊದಲೇ ತುಂಬಿ. ಅಸಲಿ ಆಧಾರ್, ಪ್ಯಾನ್, ಹಳೆ ಅಗ್ರಿಮೆಂಟು, ಇಂಡೆಕ್ಸ್ ಟು, ಮನೆ ತೆರಿಗೆ ಬಿಲ್ಲು, ಇಬ್ಬರು ಸಾಕ್ಷಿಗಳು ಅವರ ಆಧಾರ್ ಸಮೇತ. ಅಲ್ಲಿ ಫೋಟೋ, ಹೆಬ್ಬೆರಳಿನ ಗುರುತು ತೆಗೆಯುತ್ತಾರೆ. ಹಾಸಿಗೆ ಹಿಡಿದವರಿದ್ದರೆ ಅಧಿಕಾರಿ ಮನೆಗೇ ಬರುವ ವ್ಯವಸ್ಥೆ ಇದೆ, ಅರ್ಜಿ ಕೊಡಬೇಕು.

ಸಹಿ ಮಾಡಿದ ದಾನಪತ್ರ, ಹಕ್ಕುಬಿಡುಗಡೆ ಪತ್ರಗಳನ್ನು 4 ತಿಂಗಳೊಳಗೆ ರಿಜಿಸ್ಟ್ರೇಷನ್‌ಗೆ ಕೊಡಬೇಕು. ವಿಲ್‌ಗೆ ಗಡುವಿಲ್ಲ. ಕಂಪ್ಯೂಟರ್ ಪರದೆಯ ಮೇಲೆ ಡೇಟಾ ತೋರಿಸಿದಾಗ ಹೆಸರಿನ ಮರಾಠಿ ಕಾಗುಣಿತ ನೀವೇ ಓದಿ. ಕನ್ನಡದ 'ಳ', 'ಟ್ಟಿ' ಅಲ್ಲಿ ಏನೇನೋ ಆಗಿರುತ್ತದೆ, ಆಮೇಲೆ ತಿದ್ದಲು ಇನ್ನೊಂದು ಡೀಡು ಮಾಡಿಸಬೇಕು.

9. ಆಮೇಲೆ ಸೊಸೈಟಿ

ಗಿಫ್ಟ್ ಡೀಡೋ ಹಕ್ಕುಬಿಡುಗಡೆಯೋ ರಿಜಿಸ್ಟರ್ ಆದ ತಕ್ಷಣ ಕೆಲಸ ಮುಗಿಯಿತು ಅಂತ ಡೀಡನ್ನು ಪ್ಲಾಸ್ಟಿಕ್ ಫೋಲ್ಡರಿನಲ್ಲಿ ಹಾಕಿ ಇಟ್ಟುಬಿಡುತ್ತಾರೆ. ಸೊಸೈಟಿಗೆ ಟ್ರಾನ್ಸ್‌ಫರ್ ಅರ್ಜಿ, ಡೀಡಿನ ಪ್ರತಿ, ಇಂಡೆಕ್ಸ್ ಟು, 500 ರೂಪಾಯಿ ಟ್ರಾನ್ಸ್‌ಫರ್ ಫೀ ಕೊಡಬೇಕು. ಹೊರಗಿನವರಿಗೆ ಮಾರುವಾಗ ಕೇಳುವ 25,000 ರೂಪಾಯಿವರೆಗಿನ ಪ್ರೀಮಿಯಂ ಕುಟುಂಬದೊಳಗಿನ ವರ್ಗಾವಣೆಗೆ ಇಲ್ಲ. ಕೇಳಿದರೆ ಬೈಲಾ (ಸೊಸೈಟಿಯ ನಿಯಮ ಪುಸ್ತಕ) ತೋರಿಸಿ. ಅರ್ಜಿ ಕೊಟ್ಟ ಪ್ರತಿಯ ಮೇಲೆ ಸೊಸೈಟಿಯ ಮುದ್ರೆ, ತಾರೀಖು ಹಾಕಿಸಿಕೊಳ್ಳಿ.

ಶೇರ್ ಸರ್ಟಿಫಿಕೇಟು ವಾಪಸ್ ಬಂದಾಗ ಹಿಂಬದಿ ತಿರುಗಿಸಿ. ಅಲ್ಲಿ ಗೆರೆ ಹಾಕಿದ ಕೋಷ್ಟಕ ಇರುತ್ತದೆ: ವರ್ಗಾವಣೆಯ ತಾರೀಖು, ನಂಬರು, ಹೊಸ ಸದಸ್ಯರ ಹೆಸರು, ಕೊನೆಗೆ ಚೇರ್ಮನ್, ಸೆಕ್ರೆಟರಿ, ಕಮಿಟಿ ಸದಸ್ಯರ ಸಹಿ. ಆ ಸಾಲು ತುಂಬಿದೆಯೇ, ಹೆಸರು ಇಂಡೆಕ್ಸ್ ಟುನಲ್ಲಿ ಇದ್ದ ಹಾಗೇ ಇದೆಯೇ ನೋಡಿ. ಆಮೇಲೆ ಮನೆ ತೆರಿಗೆ, ಕರೆಂಟ್ ಬಿಲ್ಲು ಬದಲಾಯಿಸಿ. ನಿಮ್ಮ ಹಳೆ ನಾಮಿನಿ ಫಾರಂ ಈಗ ಲೆಕ್ಕಕ್ಕಿಲ್ಲ, ಹೊಸ ಮಾಲೀಕರು ತಮ್ಮ ನಾಮಿನಿ ಫಾರಂ ಅನ್ನು ಅದೇ ದಿನ ಕೊಟ್ಟು ಬರಲಿ.